ಕುದುರೆ ಕಳಚಿದ ಕೋವಿ

ಕೋವಿ ಮೇಸ್ತ್ರಿಗಳು ಯಾವ ಮಾತನ್ನೂ ಖಂಡಿತವಾಗಿ ಆಡಿದವರಲ್ಲ. ತೊಯ್ದು ತೊಪ್ಪೆಯಾಗಿ ಬಂದು ನಿಂತರೂ "ಮಳೆ ಬರ್ತಿದೆ ಅಂತ ಕಾಣುತ್ತೆ" ಎನ್ನುವವರು. "ನಮ್ಮ ಮದುವೆ ಆಗಿದೆಯಾ ಅಂತ ಕೇಳಿ ನೋಡಿ, ಆಗಿದೆ ಅಂತ ಕಾಣುತ್ತೆ ಅಂತಾರೆ" ಎಂದು ಅವರ ಹೆಂಡತಿ ನಗುತ್ತಿದ್ದರು. ಬಲಜೇಬಿನಲ್ಲಿ ಸದಾ ಒಂದು ಅಯಸ್ಕಾಂತವಿದ್ದುದರಿಂದ ಅವರ ಖಾಕಿ ಕೋಟು ಒಂದು ಕಡೆಗೆ ಜೋತುಬಿದ್ದಿತ್ತು. ಆ ಭಾರಕ್ಕೋ ಏನೋ ನಡಿಗೆಯೂ ಆ ಕಡೆಗೇ ವಾಲಿತ್ತು. ಕಬ್ಬಿಣವನ್ನು ಪರೀಕ್ಷಿಸುವಾಗ ಕನ್ನಡಕವನ್ನು ಹಣೆಗೇರಿಸಿ, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮೆಲ್ಲಗೆ ಅದರ ಮೇಲೆ ಸರಿಸುತ್ತಿದ್ದರು. ಅರದ ಗುರುತು ಸಿಕ್ಕಿದಲ್ಲಿ ಬೆರಳು ನಿಲ್ಲುತ್ತಿತ್ತು.

ನಾನಾಗ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಗಳಿಗೆ ವಿವರಣೆಯ ಫಲಕ ಬರೆಯುವ ಕೆಲಸದಲ್ಲಿದ್ದೆ. ನನ್ನ ಹೆಮ್ಮೆಯೆಲ್ಲ ಮೂರನೆಯ ಕೋಣೆಯ ಒಂದು ಕೋವಿಯಲ್ಲಿತ್ತು. ಶ್ರೀಮಂತರೊಬ್ಬರ ಮನೆಯವರು ದಾನವಾಗಿ ಕೊಟ್ಟಿದ್ದ ಅದನ್ನು, ಮದ್ದಿನ ಹಂಗಿಲ್ಲದೆ ಹಿಡಿಯೊಳಗೆ ಒತ್ತಿಟ್ಟ ಗಾಳಿಯ ಬಲದಿಂದಲೇ ಗುಂಡು ಹಾರಿಸುವ ಇನ್ನೂರು ವರ್ಷದ ಅಪೂರ್ವ ಆಯುಧವೆಂದು ನಾನೇ ಗುರುತಿಸಿ, ಫಲಕ ಬರೆದು, ಉದ್ದನೆಯ ಲೇಖನವನ್ನೂ ಅಚ್ಚು ಹಾಕಿಸಿ, ಶಹಭಾಸ್ ಎನಿಸಿಕೊಂಡಿದ್ದೆ. ಅದರ ತುಕ್ಕು ತೆಗೆಸಲು ಮೇಸ್ತ್ರಿಗಳನ್ನು ಕರೆಸಿದ್ದೂ ನಾನೇ.

ಹೆಬ್ಬೆರಳು ನಳಿಗೆಯ ಬುಡದಲ್ಲಿ ನಿಂತಿತು. ಅವರು ಕಣ್ಣು ತೆರೆದು ಕನ್ನಡಕ ಇಳಿಸಿದರು.

"ಇದು ಮದ್ದಿನ ಕೋವಿ ಸಾರ್. ಕಿಡಿ ಒಳಗೆ ಹೋಗೋ ತೂತನ್ನ ಆಮೇಲೆ ಮುಚ್ಚಿರೋದು. ನಳಿಗೆ ಒಳಗೆ ಇನ್ನೊಂದು ಸಣ್ಣ ಕೊಳವೆ ಇದೆ. ಹಿಡೀನ ಕೊರೆದು, ಸೋಡಾ ಮಾಡೋ ಪುಟ್ಟ ಗ್ಯಾಸ್ ಸಿಲಿಂಡರ್ ಕೂರೋ ಹಾಗೆ ಮಾಡಿರೋದು."

"ಯಾವಾಗ ಆಗಿರಬಹುದು?" ಎಂದೆ.

"ಮೂವತ್ತೈದು ವರ್ಷ ಆಯ್ತು. ಮಾಡಿದ್ದು ನಾನೇ."

ಆಗ ಅಂಗಡಿ ತೆರೆದ ಹೊಸತಂತೆ. ಲೈಸೆನ್ಸಿನ ತಾಪತ್ರಯವಿಲ್ಲದೆ ಮನೆಯ ಹಿತ್ತಲಲ್ಲಿ ಗುರಿ ಹೊಡೆಯಬೇಕೆಂದು ಆ ಶ್ರೀಮಂತರೇ ತಂದುಕೊಟ್ಟಿದ್ದರಂತೆ. "ಆಗ ಕೈ ಚುರುಕಾಗಿತ್ತು, ಬುದ್ಧಿ ಇರಲಿಲ್ಲ. ಕೋವೀನ ಮೊದಲು ಮಾಡಿದವನ ಹೆಸರು ಕೆತ್ತಿತ್ತು, ಅದನ್ನೂ ಅರ ಹಾಕಿ ಅಳಿಸಿಬಿಟ್ಟೆ" ಎಂದು ತಲೆ ತಗ್ಗಿಸಿದರು. ಹಳೆಯ ಕಬ್ಬಿಣಕ್ಕೆ ಗಾಯ ಮಾಡಬಾರದೆಂದು ಬಂದವರಿಗೆಲ್ಲ ಹೇಳುತ್ತಿದ್ದ ಮನುಷ್ಯ ಅವರು.

ಮುಂದಿನ ವಾರ ಆಡಳಿತ ಮಂಡಳಿಯ ಎದುರಿಗೂ ಅವರು ಇಷ್ಟನ್ನೇ ಹೇಳಿದರು. ಸದಸ್ಯರು ನನ್ನ ಮುಖ ನೋಡಿದರು. "ಪಾಪ, ವಯಸ್ಸಾಗಿದೆ. ಮಳೆ ಬರ್ತಿದೆಯೋ ಇಲ್ವೋ ಅನ್ನೋದೇ ಅವರಿಗೆ ಖಾತ್ರಿ ಇಲ್ಲ, ಮೂವತ್ತೈದು ವರ್ಷದ ಹಿಂದಿನದು ಹೇಗೆ ನೆನಪಿರುತ್ತೆ?" ಎಂದೆ. ಎಲ್ಲರೂ ನಕ್ಕರು. ಆ ದಿನ ಅವರ ಬಾಯಲ್ಲಿ 'ಅಂತ ಕಾಣುತ್ತೆ' ಒಮ್ಮೆಯೂ ಬಂದಿರಲಿಲ್ಲ, ಅದನ್ನು ಗಮನಿಸಿದವನು ಆ ಕೋಣೆಯಲ್ಲಿ ನಾನೊಬ್ಬನೇ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ಮೇಸ್ತ್ರಿಗಳು ಎರಡು ದಿನ ಬಿಟ್ಟು ನನ್ನ ಕೋಣೆಗೆ ಬಂದು, ಎಣ್ಣೆಬಟ್ಟೆಯ ಒಂದು ಗಂಟನ್ನು ಮೇಜಿನ ಮೇಲಿಟ್ಟರು. ಒಳಗೆ 'ಕುದುರೆ' ಎನ್ನುವ ಕಿಡಿ ಹಾರಿಸುವ ಕೊಕ್ಕೆ, ಅದನ್ನು ಹೊತ್ತ ಕಬ್ಬಿಣದ ಪಟ್ಟಿ, ಎರಡು ತಿರುಪುಗಳು. ಅಂದು ಕಳಚಿದ್ದನ್ನು ಅವರು ಎಸೆದಿರಲಿಲ್ಲ. "ಮಂಡಳಿಗೆ ತೋರಿಸ್ಬೇಕು ಅಂತ ತಂದಿಲ್ಲ ಸಾರ್. ಅದರ ಸಾಮಾನು ಅದರ ಹತ್ರಾನೇ ಇರ್ಲಿ" ಎಂದರು. ಅವರು ಹೋದ ಮೇಲೆ ಕೋವಿಯನ್ನು ತರಿಸಿ, ಬಾಗಿಲು ಹಾಕಿಕೊಂಡು, ಕೂರಿಸಿ ನೋಡಿದೆ. ಮರದ ಹಳೆಯ ತೂತುಗಳಲ್ಲಿ ತಿರುಪುಗಳು ಕೂದಲೆಳೆಯಷ್ಟೂ ಅಲುಗದೆ ಕೂತವು. ಮತ್ತೆ ಕಳಚಿ, ಗಂಟು ಕಟ್ಟಿ, ನನ್ನ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ.

ಒಂದು ಭಾನುವಾರ ಅವರು ಟಿಕೆಟ್ ಕೊಂಡು ಹೆಂಡತಿಯೊಡನೆ ಮೂರನೆಯ ಕೋಣೆಗೆ ಬಂದಿದ್ದರು. ಫಲಕವನ್ನು ಕೊನೆಯವರೆಗೂ ಓದಿದರು.

"ನೀವು ಮಾಡಿದ್ದು ಇದೇನಾ?" ಎಂದು ಆಕೆ ಕೇಳಿದರು.

"ಅಲ್ಲಿ ಹಾಗೆ ಬರೆದಿಲ್ಲ" ಎಂದರು ಅವರು.

ಕಂಬದ ಮರೆಯಲ್ಲಿ ನಿಂತಿದ್ದ ನಾನು ಮುಂದೆ ಬರಲಿಲ್ಲ.

ಇಂಥವರು ಎಲ್ಲ ಕಸುಬುಗಳಲ್ಲೂ ಅಲ್ಲೊಬ್ಬ ಇಲ್ಲೊಬ್ಬ ಇರುತ್ತಾರೆ. ಬಲ್ಲದ್ದನ್ನೆಲ್ಲ ಅಳುಕುತ್ತಲೇ ಹೇಳುವ ಇವರು ಕೆಡಿಸಿದ್ದನ್ನು ಮಾತ್ರ ನಿಸ್ಸಂಶಯವಾಗಿ ತಮ್ಮದೆನ್ನುತ್ತಾರೆ. ಆ ತಪ್ಪಿನ ಚೂರುಗಳನ್ನೂ ವರ್ಷಗಟ್ಟಲೆ ಎಣ್ಣೆ ಹಚ್ಚಿ ಕಾಪಾಡಿ, ಒಂದು ದಿನ ತಾವಾಗಿಯೇ ತಂದೊಪ್ಪಿಸುತ್ತಾರೆ. ಅವರೆದುರು ಸಣ್ಣವರಾಗುವುದನ್ನು ತಾಳಲಾರದೆ ನಮ್ಮಂಥ ಓದಿಕೊಂಡವರು ಅವರನ್ನೇ ಅರಳುಮರುಳೆಂದು ಕರೆದುಬಿಡುತ್ತೇವೆ. ಆ ಫಲಕವನ್ನು ತಿದ್ದಲು ಅರ್ಧ ದಿನ ಸಾಕಿತ್ತು. ನಾನು ತಿದ್ದಿದ್ದು ಮೇಸ್ತ್ರಿಗಳು ತೀರಿಕೊಂಡ ಮರುವಾರ.