ಮೋಡೆಮ್ಮಿನ ಮೇಲಿನ ಹಸಿರು ಪೊಟ್ಟಣ

ನೆಟ್ಟಗೆ ನಡೆಯುತ್ತಿರುವ ಯಂತ್ರವನ್ನು ಕೆದಕದೆ ಬಿಟ್ಟರೆ ಯುಯೆ-ಶಿಯಾಗೆ ತಿಂದ ಅನ್ನ ಅರಗುತ್ತಿರಲಿಲ್ಲ. ತುಂಗ್‌ಕಾಂಗ್ ಬಂದರಿನಲ್ಲಿ ಮೀನುಹಡಗುಗಳ ಮಾಲೀಕ ಥಿಯೆನ್-ಫಾನ ಕಚೇರಿಯಲ್ಲಿ ಅವಳದು ಗುಮಾಸ್ತಿಕೆ. ಆದರೆ ಅಲ್ಲಿನ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಮೋಡೆಮ್ ಜೋಡಿಸಿ, ಹಿಂದೂ ಮಹಾಸಾಗರದಲ್ಲಿ ಟ್ಯೂನಾ ಹಿಡಿಯುವ ಹಡಗುಗಳಿಗೆ ಓಲೆ ಮುಟ್ಟುವಂತೆ ಮಾಡಿದವಳೂ ಅವಳೇ. ಓಲೆ ಫೋನ್ ತಂತಿಯಲ್ಲಿ ಕಾವ್‌ಶುಂಗ್ ನಗರದ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿಂದ ಉಪಗ್ರಹಕ್ಕೆ, ಉಪಗ್ರಹದಿಂದ ಹಡಗಿಗೆ. ಕೇಂದ್ರದ ಯಂತ್ರ ದಿನಕ್ಕೊಂದೇ ಸಲ, ಸಂಜೆ ಐದಕ್ಕೆ, ಕೈಗೆ ಬಂದ ಓಲೆಗಳನ್ನು ಮೇಲಕ್ಕೆ ಕಳಿಸುತ್ತದೆ. ಐದು ದಾಟಿತೋ, ಮರುದಿನವೇ.

ಭಾನುವಾರ ಬಂದರು ತೂಕಡಿಸುತ್ತಿರುತ್ತದೆ. ಅಂದು ಬೆಳಿಗ್ಗೆ ಅವಳು ಪತ್ರಿಕೆಯೊಂದರ ಜೊತೆ ಬಂದ ಸಿಡಿಯಿಂದ ಲಿನಕ್ಸಿನ ಹೊಸ ಆವೃತ್ತಿ ಹಾಕಲು ಕೂತಳು. ಹಳೆಯದರಲ್ಲಿ ಏನಾದರೂ ತೊಂದರೆಯಿತ್ತೇ ಎಂದು ಕೇಳಿದರೆ ಇರಲಿಲ್ಲ. ಹೊಸದು ಹೇಗಿದೆಯೋ ನೋಡಬೇಕಿತ್ತು, ಅಷ್ಟೆ. ಎಲ್ಲ ಸಲೀಸಾಗಿ ಮುಗಿಯಿತು. ಯಂತ್ರ ಎದ್ದು ಕೂತ ಮೇಲೆ ಅವಳು ಮೂಲೆಯಂಗಡಿಗೆ ಹೋಗಿ ಮೀನುಂಡೆ ಸಾರು ಕುಡಿದು ಬಂದಳು.

ಬರುವಷ್ಟರಲ್ಲಿ ಚಾವ್-ತಿ ಬಾಗಿಲಲ್ಲಿ ನಿಂತಿದ್ದಳು. ಒಂದು ಹಡಗಿನ ಎಂಜಿನ್ ನೋಡಿಕೊಳ್ಳುವ ಖುನ್-ಹೋನ ತಾಯಿ ಅವಳು. ನಿನ್ನೆ ಖುನ್-ಹೋನ ತುಂಬು ಬಸುರಿ ಹೆಂಡತಿಗೆ ರಕ್ತ ಹೋಗತೊಡಗಿ ಆಸ್ಪತ್ರೆಗೆ ಸೇರಿಸಿದ್ದರು. ಆ ಸುದ್ದಿಯನ್ನು ಹಡಗಿಗೆ ಕಳಿಸಿದ್ದು ಯುಯೆ-ಶಿಯಾಳೇ. ಇಂದು ಬೆಳಗಿನ ಜಾವ ಹೊಟ್ಟೆ ಕೊಯ್ದು ಹೆಣ್ಣುಮಗುವನ್ನು ತೆಗೆದಿದ್ದರು. ತಾಯಿ ಮಗು ಇಬ್ಬರೂ ಕ್ಷೇಮ.

"ಅವ್ನು ನಿನ್ನೆಯಿಂದ ಕಣ್ಣು ಮುಚ್ಚಿರಲ್ಲ ಕಣೇ ಯುಯೆ-ಶಿಯಾ," ಎಂದಳು ಚಾವ್-ತಿ. "ನಿದ್ದೆಗೆಟ್ಟೋನು ಅಲ್ಲಿ ಗಾಳದ ಹಗ್ಗ ಎಳೆಯೋ ಯಂತ್ರದ ಪಕ್ಕ ನಿಂತಿರ್ತಾನೆ. ಅವನಪ್ಪನ ಬೆರಳು ಹೋಗಿದ್ದು ಹಾಗೇನೇ. ಇವತ್ತೇ ಮುಟ್ಟಿಸಿಬಿಡು."

ಯುಯೆ-ಶಿಯಾ ಓಲೆ ಟೈಪು ಮಾಡಿ ಕಳಿಸಲು ಯಂತ್ರಕ್ಕೆ ಹೇಳಿದಳು. ಮೋಡೆಮ್ ಉಸಿರೆತ್ತಲಿಲ್ಲ. ಮತ್ತೊಮ್ಮೆ ಹೇಳಿದಳು. ಆಗಲೂ ಇಲ್ಲ.

ಕೇಂದ್ರಕ್ಕೆ ಫೋನ್ ಮಾಡಿದರೆ ಬರೀ ರಿಂಗಾಯಿತು. ಭಾನುವಾರ ಅಲ್ಲಿ ಯಂತ್ರ ಬಿಟ್ಟರೆ ನರಪಿಳ್ಳೆಯೂ ಇರುವುದಿಲ್ಲ. ಇಂಟರ್ನೆಟ್ ಅಂಗಡಿಗೆ ಓಡಿಯೂ ಉಪಯೋಗವಿಲ್ಲ. ಈ ಕಚೇರಿಯ ಯಂತ್ರ ತನ್ನ ಗುರುತು ಹೇಳಿದರೆ ಮಾತ್ರ ಕೇಂದ್ರ ಓಲೆ ತೆಗೆದುಕೊಳ್ಳುವುದು. ಒಳಕೋಣೆಯಲ್ಲಿ ಚಹಾ ಕಾಯಿಸುತ್ತಿದ್ದ ಥಿಯೆನ್-ಫಾ ಸದ್ದು ಕೇಳಿ ಹೊರಬಂದ. ಯುಯೆ-ಶಿಯಾಳ ದೊಡ್ಡಪ್ಪ ಅವನು. ವಿಷಯ ತಿಳಿದು, ಇರಲಾರದೆ ಇರುವೆ ಬಿಟ್ಟುಕೊಂಡರು ಅಂದರೆ ಇದೇ ಎಂದು ತಲೆ ಅಲ್ಲಾಡಿಸಿ, ಒಂದು ಲೋಟ ಚಹಾವನ್ನು ಚಾವ್-ತಿಯ ಮುಂದಿಟ್ಟ. ಯುಯೆ-ಶಿಯಾಗೆ ಕೊಡಲಿಲ್ಲ.

ಅವಳಿಗೆ ಭಯವಾಗಿತ್ತು, ನಾಚಿಕೆಯೂ ಆಗಿತ್ತು. ಆದರೂ ಕೈ ಕೀಲಿಮಣೆಗೆ ತಾಗುತ್ತಲೇ ಆ ಎರಡನ್ನೂ ತಳ್ಳಿಕೊಂಡು ಕುತೂಹಲ ಮುಂದೆ ಬಂತು. ಅವಳ ಜಾಯಮಾನವೇ ಹಾಗೆ. ಮೊದಲ ಗಂಟು ಬೇಗ ಸಿಕ್ಕಿತು: ಮೋಡೆಮ್ ಕಂಪ್ಯೂಟರಿನ ಯಾವ ಪೋರ್ಟಿಗೆ ಜೋಡಿಸಿದೆ ಎಂದು ಹಳೇ ಲಿನಕ್ಸಿನಲ್ಲಿ ಬರೆದಿಟ್ಟಿದ್ದ ಗುರುತನ್ನು ಹೊಸದು ಅಳಿಸಿಹಾಕಿತ್ತು. ಗುರುತು ಮತ್ತೆ ಬರೆದಳು. ಮೋಡೆಮ್ಮಿನ ಕೆಂಪು ದೀಪಗಳು ಮಿಣುಕಿದವು, ಒಳಗೆ ಟಕ್ ಎಂದು ಸದ್ದಾಯಿತು, ಚಾವ್-ತಿ ಲೋಟ ಕೆಳಗಿಟ್ಟಳು. ಆಮೇಲೆ ಪರದೆಯ ಮೇಲೆ ಒಂದು ಸಾಲು ಬಂತು: ಡಯಲ್ ಟೋನ್ ಇಲ್ಲ.

ಇಲ್ಲವೆಂದರೇನು? ಅದೇ ತಂತಿಯಲ್ಲಿದ್ದ ಮೇಜಿನ ಫೋನನ್ನು ಎತ್ತಿ ಕಿವಿಗಿಟ್ಟಳು. ಗುಂಯ್ ಎಂದು ತುಂಬುಗಂಟಲಲ್ಲಿ ಕೇಳುತ್ತಿತ್ತು. ಈಗಷ್ಟೇ ಅದರಲ್ಲೇ ಕಾವ್‌ಶುಂಗಿಗೆ ರಿಂಗು ಹೋಗಿತ್ತಲ್ಲ. ಕೆಳಗಿಟ್ಟು ಮತ್ತೆ ಮೋಡೆಮ್ಮಿಗೆ ಹೇಳಿದಳು. ಡಯಲ್ ಟೋನ್ ಇಲ್ಲ. ಒಂದೇ ತಂತಿ, ಒಬ್ಬ ಇದೆ ಅನ್ನುತ್ತಾನೆ, ಇನ್ನೊಬ್ಬ ಇಲ್ಲ ಅನ್ನುತ್ತಾನೆ. ಇಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು? ಟೋನಿಗೆ ಕಾಯದೆ ಸುಮ್ಮನೆ ಡಯಲ್ ಮಾಡು ಎಂದು ಗದರಿದಳು. ಅದು ವಿಧೇಯವಾಗಿ ಅಂಕಿಗಳನ್ನು ಒತ್ತಿತು, ಆ ಕಡೆಯಿಂದ ಮಾತ್ರ ಬಾವಿಗೆ ಕಲ್ಲು ಹಾಕಿದಷ್ಟೂ ಸದ್ದಿಲ್ಲ.

ಥಿಯೆನ್-ಫಾ ಗಡಿಯಾರ ನೋಡಿದ. ಹೊಸ ಲಿನಕ್ಸಿಗೆ ಗ್ರಹಚಾರ ಸರಿಯಿಲ್ಲ, ಹಳೆಯದನ್ನೇ ವಾಪಸು ತಾ ಎಂದ. ಅದೂ ಸಾಧ್ಯವಿತ್ತು. ಎಷ್ಟೇ ಹುಂಬಿಯಾದರೂ ಅವಳು ಹಳೆಯದನ್ನು ಪೂರ್ತಿ ಅಳಿಸದೆ ಡಿಸ್ಕಿನ ಇನ್ನೊಂದು ಭಾಗದಲ್ಲಿ ಉಳಿಸಿಕೊಂಡಿದ್ದಳು. ಯಂತ್ರ ಆರಿಸಿ, ಹೊತ್ತಿಸಿ, ಹಳೆಯದನ್ನು ಎಬ್ಬಿಸಿದಳು. ನಿನ್ನೆ ಸಂಜೆ ಓಲೆ ಕಳಿಸಿದ್ದ ಅದೇ ಲಿನಕ್ಸು, ಅದೇ ಅಕ್ಷರ, ಅದೇ ಬಣ್ಣ. ಕಳಿಸು ಎಂದಳು.

ಡಯಲ್ ಟೋನ್ ಇಲ್ಲ.

ಚಾವ್-ತಿ ಅಂಗಿತೋಳನ್ನು ಬಾಯಿಗೆ ಒತ್ತಿಕೊಂಡಳು. ಥಿಯೆನ್-ಫಾ ಮುಗಿಯಿತು ಎಂಬಂತೆ ಕೈ ಚೆಲ್ಲಿದ. ಯುಯೆ-ಶಿಯಾಳ ಮುಖ ಮಾತ್ರ ಅರಳಿತು. ಹಾಗೆ ಅರಳಿದ್ದಕ್ಕೆ ಆಮೇಲೆ ಅವಳಿಗೇ ಕಸಿವಿಸಿಯಾಯಿತು, ಆದರೆ ನಿಜ ಹೇಳಬೇಕಲ್ಲ. ನಿನ್ನೆ ನಡೆದಿದ್ದು ಇಂದು ನಡೆಯುತ್ತಿಲ್ಲ ಎಂದರೆ ತಪ್ಪು ಹೊಸ ಲಿನಕ್ಸಿನದಲ್ಲ. ಇಷ್ಟು ಹೊತ್ತು ಅವಳು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದಳು. ಈ ಕೋಣೆಯಲ್ಲಿ ಲಿನಕ್ಸಿನ ಜೊತೆಗೆ ಇನ್ನೂ ಏನೋ ಬದಲಾಗಿದೆ.

"ದೊಡ್ಡಪ್ಪ, ನಾನು ಊಟಕ್ಕೆ ಹೋದಾಗ ಇಲ್ಲಿ ಏನಾದ್ರೂ ಮುಟ್ಟಿದ್ರಾ?"

ನಾನ್ಯಾಕೆ ಮುಟ್ಟಲಿ ಎಂದು ಥಿಯೆನ್-ಫಾ ಸಿಡುಕಿದ. ಯಾರಾದರೂ ಬಂದಿದ್ದರೇ? ಇಲ್ಲ. ಫೋನ್ ಕಂಪನಿಯವರು? ಇಲ್ಲ. ಕೋಣೆ ಗುಡಿಸಿದಿರಾ? ಭಾನುವಾರ ಯಾರು ಗುಡಿಸುತ್ತಾರೆ. ಹಾಗಾದರೆ ಬೆಳಿಗ್ಗೆ ಇದ್ದದ್ದು ಇದ್ದಂತೆಯೇ ಇದೆ ಎಂದಾಯಿತು. ಇನ್ನೇನಿದ್ದರೂ ಪೊಟ್ಟಣದ ಮೇಲೆ ಭಾರ ಹಾಕಿ ಸುಮ್ಮನಿರುವುದೇ ಎಂದು ಅವನು ಮೋಡೆಮ್ಮಿನ ಕಡೆ ಕೈ ತೋರಿಸಿದ.

ಮೋಡೆಮ್ಮಿನ ನೆತ್ತಿಯ ಮೇಲೆ ಹಸಿರು ಪೊಟ್ಟಣ ಕೂತಿತ್ತು. ತೆಂಗಿನ ರುಚಿಯ ಜೋಳದ ಕುರುಕಲು. ಅದರ ಹೆಸರಿಗೆ 'ಒಳ್ಳೇ ಮಗುವಿನ ಹಾಗಿರು' ಎಂದರ್ಥ. ಯಂತ್ರ ಹಟ ಮಾಡಬಾರದೆಂದರೆ ಅದರ ಮೇಲೆ ಇದನ್ನು ಇಡಬೇಕು ಎಂಬುದು ಆ ನಾಡಿನ ನಂಬಿಕೆ. ಹಸಿರೇ ಆಗಬೇಕು, ಅವಧಿ ಮೀರಿರಬಾರದು, ಯಾರೂ ತಿನ್ನಕೂಡದು. ಯುಯೆ-ಶಿಯಾ ಇದನ್ನು ನಂಬುತ್ತಿರಲಿಲ್ಲ, ಆದರೆ ಪೊಟ್ಟಣವಿಲ್ಲದೆ ಒಂದು ದಿನವೂ ಯಂತ್ರ ನಡೆಸಿರಲಿಲ್ಲ. ಈಗ ನೋಡಿದರೆ ಪೊಟ್ಟಣ ಫಳಫಳ ಹೊಳೆಯುತ್ತಿದೆ. ಬೆಳಿಗ್ಗೆ ಇದ್ದದ್ದು ಮೂಲೆ ಮುದುರಿದ ಹಳೆಯದು.

"ಇದು ಹೊಸದಲ್ವಾ?"

"ಹೊಸದೇ ಮತ್ತೆ," ಎಂದ ಥಿಯೆನ್-ಫಾ ಹೆಮ್ಮೆಯಿಂದ. "ಹೊಸ ಲಿನಕ್ಸ್ ಹಾಕಿದೀಯ, ಹಳೇ ಪೊಟ್ಟಣ ಇಟ್ರೆ ನಡೆಯುತ್ತಾ? ಹೊಸ ದೇವ್ರಿಗೆ ಬಾಡಿದ ಹೂವಾ? ಧೂಳು ಬೇರೆ ಕೂತಿತ್ತು. ಮೋಡೆಮ್ ಎತ್ತಿ, ತಂತಿ ಕಿತ್ತು, ಒದ್ದೆಬಟ್ಟೆಲಿ ಒರೆಸಿ, ಮತ್ತೆ ಸಿಗಿಸಿ ಇಟ್ಟೆ."

ಏನನ್ನೂ ಮುಟ್ಟಿಲ್ಲ ಎಂದು ಪ್ರಮಾಣ ಮಾಡಿದ ಮನುಷ್ಯ ಇವನೇ. ಸುಳ್ಳು ಹೇಳಿರಲಿಲ್ಲ ಪಾಪ. ಪೊಟ್ಟಣ ಬದಲಿಸುವುದು ಮುಟ್ಟುವುದರ ಲೆಕ್ಕಕ್ಕೆ ಬರುತ್ತದೆಂದು ಬಂದರಿನಲ್ಲಿ ಯಾರೂ ಎಣಿಸುವುದಿಲ್ಲ. ಅವಳೂ ಎಣಿಸಿರಲಿಲ್ಲ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ಮೋಡೆಮ್ ತಿರುಗಿಸಿದಳು. ಬೆನ್ನಿಗೆ ಅಕ್ಕಪಕ್ಕ ಎರಡು ತೂತು, ನೋಡಲು ಅವಳಿಜವಳಿ. ಒಂದು ಗೋಡೆಯಿಂದ ಬರುವ ತಂತಿಗೆ, ಇನ್ನೊಂದು ಮೇಜಿನ ಫೋನಿಗೆ. ಥಿಯೆನ್-ಫಾ ಅದಲುಬದಲು ಸಿಗಿಸಿದ್ದ. ಹಾಗಾದರೆ ಫೋನ್ ಹೇಗೆ ಮಾತಾಡುತ್ತಿತ್ತು? ಅವಸರದಲ್ಲೂ ಒಂದು ಕ್ಷಣ ನಿಂತು ಯೋಚಿಸದೆ ಅವಳಿಗೆ ಆಗಲಿಲ್ಲ. ಮೋಡೆಮ್ ಸುಮ್ಮನಿದ್ದಾಗ ಒಳಗೆ ಆ ಎರಡು ತೂತೂ ಒಂದೇ. ಯಾವುದರಲ್ಲಿ ಯಾವುದಿದ್ದರೂ ಫೋನ್ ನಡೆಯುತ್ತದೆ. ಮೋಡೆಮ್ ಮಾತಿಗೆ ಕೂತಾಗ ಮಾತ್ರ, ನಡುವೆ ಯಾರೂ ಬಾಯಿ ಹಾಕದಿರಲಿ ಎಂದು ಫೋನಿನ ತೂತನ್ನು ಮುಚ್ಚಿಬಿಡುತ್ತದೆ. ಇವತ್ತು ಆ ತೂತಿನಲ್ಲೇ ಗೋಡೆಯ ತಂತಿ ಇತ್ತು. ಫೋನು, ಮೋಡೆಮ್ ಇಬ್ಬರೂ ಸುಳ್ಳು ಹೇಳಿರಲಿಲ್ಲ. ಪ್ರತಿಸಲ ಬಾಗಿಲಿಗೆ ತಾನೇ ಅಗುಳಿ ಹಾಕಿ, ಹೊರಗೆ ಯಾರೂ ಇಲ್ಲ ಎನ್ನುತ್ತಿತ್ತು ಆ ಮಂಕು ಮೋಡೆಮ್.

ತಂತಿಗಳನ್ನು ಬದಲಿಸಿದಳು. ಟಕ್. ಗುಂಯ್. ಮೋಡೆಮ್ ಅಂಕಿಗಳನ್ನು ಒತ್ತಿತು, ಕೀಚಲು ಸಿಳ್ಳೆ ಎದ್ದಿತು, ಕೊನೆಗೆ ಕೊರಕೊರ ಎಂದು ಎರಡು ಯಂತ್ರಗಳು ಒಂದನ್ನೊಂದು ಗುರುತು ಹಿಡಿದವು. ಓಲೆ ಹೋಯಿತು. ಜೊತೆಗೇ ಕೇಂದ್ರದಲ್ಲಿ ಕಾದಿದ್ದ ಹಡಗಿನ ಓಲೆಯೊಂದು ಇಳಿಯಿತು. ಖುನ್-ಹೋನದೇ. ಓದು ಬರಹ ಬಾರದ ಚಾವ್-ತಿಗೆ ಯುಯೆ-ಶಿಯಾ ಅದನ್ನು ಓದಿ ಹೇಳಿದಳು.

"ದಡದೋರು ಯಾವಾಗ್ಲೂ ಎಲ್ಲ ಕ್ಷೇಮ ಅಂತಾನೇ ಬರೀತೀರಿ. ಅಪ್ಪ ಸತ್ತಾಗ್ಲೂ ನಂಗೆ ಹಾಗೇ ಬರೆದಿದ್ರಿ. ಈ ಸಲ ನಿಜ ಬರೀರಿ."

ಈಗಷ್ಟೇ ಹೋದ ಓಲೆಯಲ್ಲಿ ಇದ್ದದ್ದು ಅದೇ: ತಾಯಿ ಮಗು ಎಲ್ಲ ಕ್ಷೇಮ. ಅವನು ಅದನ್ನು ಓದಿ ಇನ್ನೊಂದು ರಾತ್ರಿ ಕಣ್ಣು ತೆರೆದೇ ಇರುತ್ತಾನೆ. ಚಾವ್-ತಿಯ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಅವನಪ್ಪ ಸತ್ತಾಗ ಹಾಗೆ ಬರೆಸಿದ್ದು ತಾನೇ ಎಂದಳು. ಹಡಗಿನಲ್ಲಿರುವವನಿಗೆ ಕೆಟ್ಟ ಸುದ್ದಿ ಹೇಳಬಾರದು ಎಂಬುದು ಎಲ್ಲರ ಮನೆಯ ರೂಢಿ.

ಐದಕ್ಕೆ ಇನ್ನೂ ತುಸು ಹೊತ್ತಿತ್ತು. ಸೊಸೆ ಬೆಳಿಗ್ಗೆಯಿಂದ ಏನೇನಂದಳು, ನೆನಪಿದ್ದದ್ದನ್ನೆಲ್ಲ ಹೇಳಿ ಎಂದು ಯುಯೆ-ಶಿಯಾ ಕೇಳಿದಳು. ಏನಂದಾಳು, ಬಾಣಂತಿ, ನಿತ್ರಾಣ. ಚಾವ್-ತಿ ಮೂಗು ಒರೆಸಿಕೊಂಡು ಯೋಚಿಸಿದಳು. ಯೋಚಿಸುತ್ತ ಅವಳ ಮುಖ ಬಿಗಿದುಕೊಂಡಿತು.

"ಬರಿ. ಹೊಲಿಗೆ ಬೇಗ ಮಾಗ್ಲಿ ಅಂತ ಜೀವಂತ ಮೀನು ತಂದು, ಶುಂಠಿ ಹಾಕಿ ಸಾರು ಮಾಡ್ಕೊಂಡು ಹೋದೆ. ಪಥ್ಯಕ್ಕೆ ಉಪ್ಪು ಹಾಕ್ಬಾರ್ದು ಅಂತ ಊರಿಗೇ ಗೊತ್ತು. ನಿನ್ನ ಹೆಂಡ್ತಿ ಒಂದು ಚಮಚ ಕುಡಿದು, ಅತ್ತೆ, ಸಪ್ಪೆ ಅಂತ ಮುಖ ತಿರುಗಿಸಿದ್ಲು. ಇವಳಿಗೆ ನಾಲಿಗೆ ಎಷ್ಟು ಉದ್ದ ನೋಡು."

ಯುಯೆ-ಶಿಯಾ ಒಂದಕ್ಷರ ಬಿಡದೆ ಬರೆದು ಕಳಿಸಿದಳು. ಥಿಯೆನ್-ಫಾ ಅವಳ ಮುಂದೆಯೂ ಒಂದು ಲೋಟ ಚಹಾ ಇಟ್ಟ. ಮೋಡೆಮ್ಮಿನ ಮೇಲೆ ಓರೆಯಾಗಿದ್ದ ಪೊಟ್ಟಣವನ್ನು ಅವಳು ನೆಟ್ಟಗೆ ಮಾಡಿದಳು.

ಮರುದಿನ ಮಧ್ಯಾಹ್ನ ಹಡಗಿನಿಂದ ಓಲೆ ಬಂತು. "ಸಪ್ಪೆ ಅಂದ್ಲಾ. ಹಾಗಾದ್ರೆ ಸರಿ. ಮಲಗ್ತೀನಿ."