ಕೆಂಪು ಕಾಲು

ಗುರುಲಿಂಗಮ್ಮನಿಗೆ ಕಳ್ಳ ಯಾರೆಂಬುದು ಗೊತ್ತಾಗಿಹೋಗಿತ್ತು. ಸಾಕ್ಷಿಯೊಂದು ಸಿಗಬೇಕಿತ್ತು, ಅಷ್ಟೆ. ವರ್ಷದ ಬೇಳೆಗೆಂದು ನೆನೆಸಿ, ಕೆಮ್ಮಣ್ಣು ಹಚ್ಚಿದ ತೊಗರಿಯನ್ನು ಆಕೆ ಶಹಾಬಾದಿನ ತನ್ನ ಮನೆಯ ಮಾಳಿಗೆ ಮೇಲೆ ಒಣಹಾಕಿದ್ದಳು. ಬೆಳಿಗ್ಗೆ ಹರವಿದ ಕಾಳು ಮಧ್ಯಾಹ್ನಕ್ಕೆ ಅಲ್ಲಲ್ಲಿ ಮಾಯವಾಗಿ ಹಾಸುಗಲ್ಲು ಕಾಣುತ್ತಿತ್ತು. ಗೋಡೆಯಾಚೆ, ಕಲ್ಲು ಪಾಲಿಷ್ ಮಾಡುವ ಕಲೀಮ್ ಪಾರಿವಾಳ ಸಾಕಿದ್ದ. ಇನ್ನೇನು ಬೇಕು?

ಆ ಹಕ್ಕಿಗಳನ್ನು ಕಂಡರೇ ಅವಳಿಗೆ ಆಗುತ್ತಿರಲಿಲ್ಲ. ದಪ್ಪ ಕುತ್ತಿಗೆ ಉಬ್ಬಿಸಿ, ಹಸಿರು ನೇರಳೆ ಮಿಂಚಿಸುತ್ತ, ಸಾಹುಕಾರರಂತೆ ಗೋಡೆ ಮೇಲೆ ಓಡಾಡುತ್ತಿದ್ದವು. ಅವಳ ಕಿಟಕಿಯ ಮೇಲೆ ಗೂಡು ಕಟ್ಟಿದ್ದ ಬೆಳವಗಳೇ ಬೇರೆ. ಸಣ್ಣ ಬೂದು ಮೈ, ಕೊರಳ ಹಿಂದೊಂದು ಕಪ್ಪು ಗೆರೆ. ಗೂಡೂ ನಾಲ್ಕೇ ನಾಲ್ಕು ಕಡ್ಡಿಯದು. "ಶರಣರಂಥವು, ಪಾಪ" ಎಂದು ಅವಕ್ಕೆ ದಿನಾ ನೀರಿಡುತ್ತಿದ್ದಳು.

ಒಂದು ದಿನ ಪಾರಿವಾಳದ ಕಾಲು ಕಣ್ಣಿಗೆ ಬಿತ್ತು. ಕೆಂಪಗಿತ್ತು!

"ನೋಡೋ ಕಲೀಮ್, ನನ್ನ ಕೆಮ್ಮಣ್ಣು ಇನ್ನಾ ಇದರ ಕಾಲಿಗೇ ಅದ!"

ಕಲೀಮ್ ಹಕ್ಕಿಯನ್ನು ಹಿಡಿದು, ತಂಬಿಗೆ ನೀರಲ್ಲಿ ಕಾಲು ತಿಕ್ಕಿ ತೋರಿಸಿದ. ಕೆಂಪು ಹೋಗಲಿಲ್ಲ. "ಹುಟ್ಟಿದಾಗಿಂದ ಹಿಂಗೇ ಇರ್ತಾವರಿ ಅಕ್ಕಾರ. ನಿಮ್ಮ ಬೆಳವದ ಕಾಲೂ ಒಮ್ಮೆ ನೋಡ್ರಿ."

ಕಳ್ಳರನ್ನು ಬಿಟ್ಟು ಶರಣರ ಕಾಲು ನೋಡಬೇಕಂತೆ! ಗುರುಲಿಂಗಮ್ಮನ ಪಿತ್ತ ನೆತ್ತಿಗೇರಿತು. "ನಾಳಿಂದ ಕಾಳಿಗೆ ಔಷಧ ಹಚ್ಚಿಡ್ತೀನಿ. ಸತ್ತರ ನನಗ ಕೇಳಬ್ಯಾಡ."

ಹಚ್ಚುವ ಗುಂಡಿಗೆ ಅವಳಿಗೆಲ್ಲಿತ್ತು? ಆದರೆ ಮಾತು ಬಾಯಿಂದ ಬಿದ್ದಾಗಿತ್ತು. ಮರುದಿನ ನೋಡಿದರೆ ಗೋಡೆಯಾಚೆಯ ಪಾರಿವಾಳದ ಪೆಟ್ಟಿಗೆಗಳೆಲ್ಲ ಖಾಲಿ. ಕಲೀಮ್ ಹಕ್ಕಿಗಳನ್ನು ವಾಡಿ ಊರಿನ ಗೆಳೆಯನಿಗೆ ಕೊಟ್ಟುಬಂದಿದ್ದ.

ಅಂದೂ ತೊಗರಿ ಕಡಿಮೆಯಾಯಿತು. ಕದ್ದುಮುಚ್ಚಿ ಹಕ್ಕಿಗಳನ್ನು ಮತ್ತೆ ತಂದಿದ್ದಾನೋ ಏನೋ? ಮರುದಿನ ಗುರುಲಿಂಗಮ್ಮ ಅಡಿಗೆ ಬಿಟ್ಟು, ಮಾಳಿಗೆಯ ಬಾಗಿಲ ಹಿಂದೆ ಅಡಗಿ ಕುಳಿತಳು.

ಸ್ವಲ್ಪ ಹೊತ್ತಿಗೆ ಅವಳ ಬೆಳವಗಳು ಕೆಳಗಿಳಿದವು. ತಮ್ಮದೇ ಮನೆಯೆಂಬಂತೆ ಕಾಳಿನ ಮೇಲೆ ನಡೆದಾಡಿ, ಹೊಟ್ಟೆ ತುಂಬ ತಿಂದು, ಮಣ್ಣು ಮೆತ್ತಿದ ಕೊಕ್ಕನ್ನು ಕಲ್ಲಿಗೆ ಒರೆಸಿಕೊಂಡವು. ಕಾಲುಗಳೂ ಕೆಂಪಗೇ ಇದ್ದವು. 

ಅಷ್ಟರಲ್ಲಿ ರೆಕ್ಕೆ ಬಡಿಯುವ ಸದ್ದಾಯಿತು. ವಾಡಿಗೆ ಹೋಗಿದ್ದ ಪಾರಿವಾಳಗಳಲ್ಲೊಂದು ತಾನಾಗಿ ಮರಳಿ ಬಂದಿತ್ತು. ತೊಗರಿಯತ್ತ ತಿರುಗಿಯೂ ನೋಡದೆ, ಮುಚ್ಚಿದ ತನ್ನ ಪೆಟ್ಟಿಗೆಯ ಮುಂದೆ ಸುತ್ತತೊಡಗಿತು. ಕಲೀಮ್ ಓಡಿಬಂದು ಅದನ್ನು ಹಿಡಿದುಕೊಂಡ. ಬಾಗಿಲಿಂದ ಹೊರಬಂದ ಗುರುಲಿಂಗಮ್ಮನನ್ನು ಕಂಡು ಅವನ ಮುಖ ಸಣ್ಣಗಾಯಿತು.

"ನಾ ತಂದಿಲ್ರಿ ಅಕ್ಕಾರ! ತಾನೇ ಬಂದದ. ಈಗೇ ತಿರುಗಿ ಬಿಟ್ಟು ಬರ್ತೀನಿ."

ಆ ಹೆದರಿಕೆ ಕಂಡು ಗುರುಲಿಂಗಮ್ಮನಿಗೆ ನಾಚಿಕೆಯಾಯಿತು. "ಬ್ಯಾಡೋ ತಮ್ಮಾ. ಕಳ್ಳರಿಗೆ ನಾನೇ ನೀರಿಟ್ಟು ಸಾಕೀನಿ. ನಂದು ಭಾಳ ತಪ್ಪಾತು. ಉಳದವೂ ತಂದುಬಿಡು." ಬೊಗಸೆ ತುಂಬ ತೊಗರಿ ತೆಗೆದು ಗೋಡೆಯಾಚೆ ಚಾಚಿದಳು. "ಹಾಕು, ಹಸದದ."

ಕಲೀಮ್ ಹಕ್ಕಿಯನ್ನು ಎದೆಗವಚಿಕೊಂಡೇ ಒಂದು ಕಾಳು ಎತ್ತಿಕೊಂಡ. ಮೂಗಿನ ಹತ್ತಿರ ಹಿಡಿದು ಮೂಸಿದ. ಅವಳ ಮುಖ ನೋಡಿದ. ಮತ್ತೆ ಮೂಸಿದ.

ಗುರುಲಿಂಗಮ್ಮ ಬೊಗಸೆಯಿಂದ ಒಂದು ಮುಷ್ಟಿ ಕಾಳನ್ನು, ಮಣ್ಣು ಸಮೇತ, ತನ್ನ ಬಾಯಿಗೆ ಹಾಕಿಕೊಂಡು ಅವನೆದುರೇ ಅಗಿಯತೊಡಗಿದಳು.