ಸೀರೆ ಅಂಗಡಿ ಮುಂದೆ ನಿಲ್ಲುವ ಡಾಕ್ಟರು

ನನ್ನ ಗಂಡನಿಗೆ ಸೀರೆ ಅಂದರೆ ಅಷ್ಟಕ್ಕಷ್ಟೇ. ಮದುವೆಯಾದ ಹೊಸದರಲ್ಲಿ ಹೊಚ್ಚ ಹೊಸ ಇಳಕಲ್ ಸೀರೆ ಉಟ್ಟು ಎದುರಿಗೆ ನಿಂತರೆ "ಇದು ಹಳೇದಲ್ಲೇನು?" ಎಂದು ಕೇಳಿದ ಮಹಾನುಭಾವರು. ಅಂಥವರು ದೀಪಾವಳಿಯಿಂದೀಚೆಗೆ ಪುಣೆಯ ಲಕ್ಷ್ಮೀ ರೋಡಿನಲ್ಲಿ ನನ್ನ ಜೊತೆ ನಡೆಯುವಾಗ ಸೀರೆ ಅಂಗಡಿಗಳ ಮುಂದೆ ನಿಲ್ಲತೊಡಗಿದರು. ನಾಲ್ಕು ಅಂಗಡಿ ದಾಟುವುದು, ನಿಲ್ಲುವುದು, ಗಾಜಿನೊಳಗಿನ ಗೊಂಬೆಗೆ ಉಡಿಸಿದ ಪೈಠಣಿ ಸೀರೆಯನ್ನು ಎವೆಯಿಕ್ಕದೆ ನೋಡುವುದು, ಆಮೇಲೆ "ನಡಿ" ಎನ್ನುವುದು. ಒಳಗೆ ಮಾತ್ರ ಕಾಲಿಡುವುದಿಲ್ಲ. ಇರಲಿ, ನೋಡಲಿಕ್ಕಾದರೂ ಕಲಿತರಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ. ಸೊಲ್ಲಾಪುರದ ತಂಗಿಗೆ ಫೋನ್ ಮಾಡಿ, "ಅರವತ್ತಕ್ಕ ಅರಳು ಮರಳು ಅಂತಾರಲ್ಲ, ಇಂಥಾ ಮರಳಾದ್ರ ಬರ್ಲಿ ಬಿಡವಾ" ಎಂದು ನಕ್ಕೆ.

ನನ್ನ ಗಂಡ ಡಾಕ್ಟರ್ ಸಿದ್ರಾಮಪ್ಪ ರಕ್ತನಾಳದ ಸರ್ಜನ್. ಅಕ್ಕಲಕೋಟೆ ಕಡೆಯಿಂದ ಓದಲು ಪುಣೆಗೆ ಬಂದು ಇಲ್ಲೇ ಉಳಿದವರು. ಸಕ್ಕರೆ ಕಾಯಿಲೆಯಿಂದಲೋ ತಂಬಾಕಿನಿಂದಲೋ ನಾಳ ಕಟ್ಟಿಕೊಂಡು ಕಾಲು ಕಪ್ಪಾದವರು ಇವರ ಹತ್ತಿರ ಬರುತ್ತಾರೆ. ಇವರು ಕೊಯ್ದು, ಬೇರೆ ಕಡೆಯ ನಾಳ ತಂದು ಜೋಡಿಸಿ, ಪಾದಕ್ಕೆ ರಕ್ತ ಹರಿಸಿ ಕಳಿಸುತ್ತಾರೆ. ಆಪರೇಷನ್‌ಗೆ ಮುಂಚೆ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ: "ನಿಮಗ ಎಲ್ಲಿ ತನಕ ನಡೀಬೇಕು?" ಇಂದಾಪುರದ ಕಾಶವ್ವ ಎನ್ನುವ ಮುದುಕಿ "ಬಸ್ ಸ್ಟ್ಯಾಂಡ್ ತನಕ ಸಾಕ್ರಿ ಯಪ್ಪಾ, ಮುಂದ ಬಸ್ಸೇ ನಡೀತದ" ಎಂದಿದ್ದಳಂತೆ. ಅದನ್ನು ಹೇಳಿ ಹೇಳಿ ನಗುತ್ತಿದ್ದರು.

ಶಿಷ್ಯರಿಗೆ ಇವರದೊಂದು ಕಟ್ಟಪ್ಪಣೆ. ಯಾರ ಪಾದ ಮುಟ್ಟಿದರೂ ನಾಡಿ ನೋಡದೆ ಕೈ ತೆಗೆಯಕೂಡದು. ಮುಂಗಾಲಿನ ಮೇಲೆ ಎರಡು ಬೆರಳು. ಅಲ್ಲಿ ಸಿಗದಿದ್ದರೆ ಹಿಮ್ಮಡಿಯ ಒಳಮಗ್ಗುಲು. ಇದು ಆ ಮಕ್ಕಳಿಗೆ ಎಂಥಾ ಚಟವಾಯಿತೆಂದರೆ, ಮಾಧುರಿ ಎನ್ನುವವಳು ತನ್ನ ಮದುವೆಯಲ್ಲಿ ಅತ್ತೆಯ ಕಾಲಿಗೆ ಬಿದ್ದು, ಏಳುತ್ತಲೇ "ಬಲಗಾಲ್ದು ಸ್ವಲ್ಪ ವೀಕ್ ಅದ ನೋಡ್ರಿ" ಎಂದಿದ್ದಳು. ಅತ್ತೆ ಇನ್ನೂ ಅದನ್ನು ಮರೆತಿಲ್ಲ.

ಈ ಮಾಧುರಿ ಇಲ್ಲೇ ಪುಣೆಯ ಕೊಂಢವಾದಲ್ಲಿ ಬೆಳೆದ, ನಮ್ಮ ಕಡೆಯ ಹುಡುಗಿ. ಇವರ ಕೈಕೆಳಗೆ ಕೊಯ್ಯುವುದು ಕಲಿತು, ಆಮೇಲೆ ಕೊಯ್ಯದೇ ಮಾಡುವುದನ್ನೂ ಕಲಿತಳು. ತೊಡೆಯ ಸಂದಿಯಲ್ಲಿ ಸಣ್ಣ ತೂತು ಮಾಡಿ, ನಾಳದೊಳಗೆ ಕೂದಲಿನಂಥ ತಂತಿ ತೂರಿಸಿ, ಬಲೂನು ಉಬ್ಬಿಸಿ ದಾರಿ ತೆರೆಯುವುದು. ಈಗ ಅದರ ಸಿಎಂಇ ನಡೆಸುವವಳೂ ಅವಳೇ. ಸಿಎಂಇ ಅಂದರೆ ತಲೆ ನರೆತ ಡಾಕ್ಟರುಗಳ ಸಾಲೆ. ಹಾಜರಿ ಹಾಕಿ ಪಾಯಿಂಟ್ ತಗೊಳ್ಳದಿದ್ದರೆ ಲೈಸೆನ್ಸ್ ಮುಂದುವರಿಯುವುದಿಲ್ಲ. ನಮ್ಮವರು ಪ್ರತಿ ಸಲ ಹೋಗಿ ಮೊದಲ ಸಾಲಿನಲ್ಲೇ ಕೂತು ನಿದ್ದೆ ಮಾಡುತ್ತಿದ್ದರು. ಎಚ್ಚರವಾದಾಗ "ಇದು ಸರ್ಜರಿ ಅಲ್ಲ, ಪೈಪ್ ರಿಪೇರಿ, ನಳದಾಂವನ ಕೆಲಸ" ಎಂದು ಇಡೀ ಹಾಲ್‌ಗೆ ಕೇಳುವಂತೆ ಅನ್ನುತ್ತಿದ್ದರು. ಹೋದ ವರ್ಷ ಅಲ್ಲಿ ಕೈ ಪಳಗಿಸಿಕೊಳ್ಳಲು ಇಟ್ಟಿದ್ದ ಯಂತ್ರದ ಮೇಲೆ ತಾವೂ ಒಮ್ಮೆ ತಂತಿ ಹಿಡಿದರಂತೆ. ಅದು ಬೇಕಾದ ಕಡೆ ಹೋಗಲಿಲ್ಲ. ಮನೆಗೆ ಬಂದು "ಯಂತ್ರ ಕೆಟ್ಟದ" ಎಂದರು. ಯಂತ್ರ ಕೆಟ್ಟಿತ್ತಂತೆ, ಪಾಪ!

ಈ ಸಲದ ಸಿಎಂಇ ವಿಮಾನ ನಗರದ ಒಂದು ಹೋಟೆಲಿನಲ್ಲಿತ್ತು. ಉದ್ಘಾಟನೆಯಲ್ಲಿ ಇವರಿಗೆ ಸನ್ಮಾನ, ನನಗೂ ಆಮಂತ್ರಣ. ಧೋತರ ಉಡಿಸಿದ್ದು ನಾನೇ. ಬಾಗಿಲಿಗೆ ಬಂದು ನೋಡಿದರೆ ಇವರು ಧೋತರದ ಕೆಳಗೆ ಕಾಲುಚೀಲ, ಬೂಟು ಏರಿಸಿ ನಿಂತಿದ್ದಾರೆ! ಕೆಲ ತಿಂಗಳಿಂದ ಇದೊಂದು ಹುಚ್ಚು ಹತ್ತಿತ್ತು, ಮನೆಯೊಳಗೂ ಕಾಲುಚೀಲ, ಮಲಗುವಾಗಲೂ ಕಾಲುಚೀಲ.

"ಬ್ಯಾಂಡ್ ಬಾರಸಾಂವ್ರಂಗ ಕಾಣ್ತೀರಿ. ತಗೀರಿ ಅವನ್ನ" ಎಂದೆ.

"ಇರ್ಲಿ ಬಿಡು ಇಂದೂ, ಥಂಡಿ ಅದ."

"ಮೇ ತಿಂಗಳದಾಗ ಥಂಡಿ? ನೀವು ತಗೀಲಿಲ್ಲಂದ್ರ ನಾ ಬರಾಂಗಿಲ್ಲ."

ಕೊಲ್ಹಾಪುರಿ ಚಪ್ಪಲಿ ತಂದು ಮುಂದಿಟ್ಟೆ. ಇವರು ಅವನ್ನು ಒಳಗೆ ಒಯ್ದು, ಬಾಗಿಲು ಮುಚ್ಚಿ, ಮೆಟ್ಟಿಕೊಂಡು ಬಂದರು. ಗೆದ್ದೆನೆಂದು ನನಗೆ ಖುಷಿಯೋ ಖುಷಿ.

ವೇದಿಕೆಯ ಮೇಲೆ ತಲೆಗೆ ಪುಣೇರಿ ಪಗಡಿ, ಹೆಗಲಿಗೆ ಶಾಲು. ನೆಟ್ಟಗೆ ಹೇಳುತ್ತೇನೆ, ನನ್ನ ಗಂಡ ಅವತ್ತು ಮದುಮಗನಿಗಿಂತ ಚೆಂದ ಕಂಡರು. ಶಿಷ್ಯರು ಸಾಲಾಗಿ ಬಂದು ನಮಸ್ಕಾರ ಮಾಡತೊಡಗಿದರು. ಮೊದಲು ಮಾಧುರಿ. ಬಗ್ಗಿದವಳು ಬಗ್ಗಿಯೇ ಇದ್ದಳು. ಯಾರೋ ಮರಾಠಿಯಲ್ಲಿ "ಮ್ಯಾಡಮ್, ಎಲ್ಲಾ ಆಶೀರ್ವಾದ ನಿಮಗೇ ಬೇಕೇನು?" ಎಂದು ಚೇಷ್ಟೆ ಮಾಡಿದರು. ಜನ ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ. ಎಡ ಪಾದದ ಮೇಲಿದ್ದ ಅವಳ ಎರಡು ಬೆರಳುಗಳು ಮೆಲ್ಲಗೆ ಹಿಮ್ಮಡಿಯ ಕಡೆ ಸರಿದವು. ಅಲ್ಲಿಯೂ ನಿಂತವು. ಇವರು ಅವಳ ಭುಜ ಹಿಡಿದು "ಏಳು, ಮಂದಿ ನೋಡ್ಲಾಕತ್ತದ" ಎಂದರು. ಎದ್ದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ.

ಸಾಲು ಮುಗಿಯುವುದನ್ನೂ ಕಾಯದೆ ಅವಳು ನಮ್ಮಿಬ್ಬರನ್ನೂ ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು.

"ಯಾವಾಗಿಂದ ಸರ್?"

"ದೀಪಾವಳಿಯಿಂದ."

"ನಡೀವಾಗ ಮೀನಖಂಡ ಹಿಡೀತದೇನ್ರಿ?"

"ಹಿಡೀತದ. ನಿಂತ್ರ ಬಿಡ್ತದ."

ನನಗೆ ತಲೆಬುಡ ತಿಳಿಯಲಿಲ್ಲ. "ಎಲ್ಲಿ ನಿಲ್ತಾರವಾ ಇವರು?" ಎಂದೆ. ಮಾಧುರಿ ನನ್ನ ಕೈ ಹಿಡಿದಳು. "ಕಾಕೂ, ಪಾದಕ್ಕ ರಕ್ತ ಸಾಲದವರು ಒಂದೇ ಸವನೆ ನಡೀಲಾರರು. ನಡುನಡುವ ನಿಲ್ಲಬೇಕಾಗ್ತದ. ಯಾರಿಗೂ ಗೊತ್ತಾಗಬಾರ್ದು ಅಂತ ಅಂಗಡಿ ನೋಡೋ ನೆಪ ಮಾಡ್ತಾರ. ಸರೇ ನಮಗ ಕ್ಲಾಸಿನಾಗ ಹೇಳಿದ್ರು."

ನಾನು ಇವರ ಕಡೆ ತಿರುಗಿದೆ.

"ಹಂಗಾರ ನೀವು ಸೀರಿ ನೋಡ್ಲಾಕತ್ತಿದ್ದಿಲ್ಲೇನು?"

ಇವರು ಪಗಡಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಅವುಗಳ ಬಣ್ಣ ಸುದ್ದಾ ನನಗ ಗೊತ್ತಿಲ್ಲ, ಇಂದೂ."

ಸಿಟ್ಟು ಬಂತು. ಸುಳ್ಳು ಹೇಳಿದ್ದಕ್ಕಲ್ಲ, ಅಷ್ಟು ತಿಂಗಳು ನನ್ನ ಪಕ್ಕದಲ್ಲೇ ನಿಂತು ಒಬ್ಬರೇ ನೋವು ನುಂಗಿದರಲ್ಲ, ಅದಕ್ಕೆ. ಮಾಧುರಿ ಅಷ್ಟರಲ್ಲಿ ಚಪ್ಪಲಿ ತೆಗೆದು ನೋಡುತ್ತಿದ್ದಳು. ಕಿರುಬೆರಳಿನ ಸಂದಿಯಲ್ಲಿ ಒಂದು ಗಾಯ, ಮಾಯದೇ ಹಾಗೇ ಇತ್ತು. ಕಾಲುಚೀಲದ ಹುಚ್ಚು ಯಾಕೆಂದು ಆಗ ತಿಳಿಯಿತು.

"ಇದನ್ನ ಹಿಂಗ ಬಿಟ್ರ ಕಾಲು ಹೋಗ್ತದ ಸರ್."

"ನನಗ ಪಾಠ ಹೇಳಬ್ಯಾಡ. ಬೆರಳು, ಆಮ್ಯಾಲ ಪಾದ, ಆಮ್ಯಾಲ ಮೊಣಕಾಲು. ಗೊತ್ತದ." ಇವರು ಪಗಡಿಯನ್ನು ಪಕ್ಕಕ್ಕಿಟ್ಟರು. "ಕೊಯ್ದು ಜೋಡಿಸ್ಬೇಕಂದ್ರ ನಾಳ ಇಲ್ಲ. ನನ್ನ ಎರಡೂ ಕಾಲಿನವು ಹಿಂದ ಹಾರ್ಟಿನ ಆಪರೇಷನ್ ಆದಾಗೇ ಹೋದುವು. ಉಳಿದದ್ದು ನಿನ್ನ ತಂತಿ. ನಳದಾಂವನ ಕೆಲಸ ಅಂದಾಂವ ನಾನು. ಈಗ ಯಾವ ಮುಖ ಇಟ್ಕೊಂಡು ನಿನ್ನ ಟೇಬಲ್ ಮ್ಯಾಲ ಮಲಗ್ಲಿ?"

"ಮುಖಕ್ಕ ಬೆಂಕಿ ಹಚ್ರಿ!" ನಾನು ಕೂಗಿಬಿಟ್ಟೆ. "ಕಾಲು ಇಟ್ಕೊಂಡು ಮಲಗ್ರಿ!" ಕೂಗಿದವಳು ಅಲ್ಲೇ ಕುರ್ಚಿಯಲ್ಲಿ ಕೂತು ಗಳಗಳ ಅತ್ತೆ. ರೇಷ್ಮೆ ಸೀರೆಯ ಸೆರಗಿನಲ್ಲೇ ಮೂಗು ಒರೆಸಿಕೊಂಡೆ.

ಮಾಧುರಿ ಇವರ ಪಾದವನ್ನು ಕೈಯಲ್ಲೇ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು. ಗುರುವನ್ನು ತಲೆಯೆತ್ತಿ ನೋಡಿ ಕೇಳಿದಳು, "ನಿಮಗ ಎಲ್ಲಿ ತನಕ ನಡೀಬೇಕು ಸರ್?"

ಇವರು ಸಾವಿರಾರು ಜನರನ್ನು ಕೇಳಿದ ಪ್ರಶ್ನೆಯನ್ನು ಇವರಿಗೇ ಯಾರೂ ಕೇಳಿರಲಿಲ್ಲ. ನನ್ನ ಕಡೆ ತಿರುಗಿ, "ಇಕಿ ಜೋಡಿ ಲಕ್ಷ್ಮೀ ರೋಡಿನ ಈ ತುದಿಯಿಂದ ಆ ತುದಿ ತನಕ" ಎಂದರು. "ಎಲ್ಲೂ ನಿಲ್ಲದ."

ಪರೀಕ್ಷೆಗಳೆಲ್ಲ ಮುಗಿದು ಮುಂದಿನ ವಾರವೇ ಟೇಬಲ್ ಹತ್ತಿದರು. ತೊಡೆಯ ಸಂದಿಯನ್ನು ಮಾತ್ರ ಮರಗಟ್ಟಿಸಿದ್ದರಿಂದ ಬಾಯಿ ಚುರುಕಾಗೇ ಇತ್ತಂತೆ. "ಹಗೂರ... ಎಡಕ್ಕ ತಿರುಗಸು... ಅವಸರ ಬ್ಯಾಡ" ಎಂದು ಮಲಗಿದಲ್ಲೇ ಯಜಮಾನಿಕೆ. ಕೊನೆಗೆ ಮಾಧುರಿ "ಸರ್, ಇವತ್ತು ನೀವು ಪೇಶಂಟ್ ಇದ್ದೀರಿ" ಎಂದಮೇಲೆ ತೆಪ್ಪಗಾದರು. ನಾಳ ಗಟ್ಟಿಯಾಗಿ ಕಟ್ಟಿತ್ತು, ತಂತಿ ಬಹಳ ಹೊತ್ತು ದಾಟಲೇ ಇಲ್ಲ. ನಾನು ಹೊರಗೆ ಕೂತು ಸಿದ್ಧರಾಮೇಶ್ವರನಿಗೆ ಬೇಡಿಕೊಂಡೆ, ನಡುನಡುವೆ ಗಂಡನಿಗೆ ಬೈದುಕೊಂಡೆ. ಎಲ್ಲ ಮುಗಿದು ವಾರ್ಡಿಗೆ ತಂದಮೇಲೆ ಮಾಧುರಿ ನನ್ನ ಎರಡು ಬೆರಳು ಹಿಡಿದು ಇವರ ಎಡ ಪಾದದ ಮೇಲೆ ಇಟ್ಟಳು.

"ಸಿಕ್ತೇನ್ರಿ ಕಾಕೂ?"

ಸಿಕ್ಕಿತು. ಚರ್ಮದ ಕೆಳಗೆ ಸಣ್ಣಗೆ ಟುಕ್ ಟುಕ್ ಎನ್ನುತ್ತಿತ್ತು. ನಾನು ಕೈ ತೆಗೆಯಲೇ ಇಲ್ಲ.

ಗಾಯ ಮಾಯಲು ಇಡೀ ಮಳೆಗಾಲವೇ ಹಿಡಿಯಿತು. ಆಮೇಲಿನ ಸಿಎಂಇಯಲ್ಲಿ ಮಾಧುರಿ ತೋರಿಸಿದ್ದು ಇವರದೇ ಕೇಸು. "ಹೆಸರು ಮುಚ್ಚಬ್ಯಾಡ" ಎಂದು ಇವರೇ ಹೇಳಿದ್ದರು. ಮೊದಲ ಸಾಲಿನಲ್ಲಿ ಕೂತು, ಪರದೆಯ ಮೇಲೆ ತಮ್ಮದೇ ಕಾಲಿನ ನಾಳ ತೆರೆದುಕೊಳ್ಳುವುದನ್ನು ನೋಡಿದರಂತೆ. ಅವತ್ತು ಒಂದು ಚೂರೂ ನಿದ್ದೆ ಮಾಡಲಿಲ್ಲ. ಮುಗಿದಮೇಲೆ ಎದ್ದು ನಿಂತು ಎಲ್ಲರೆದುರು "ನಳದಾಂವನ ಕೆಲಸ ಅಂದದ್ದನ್ನು ವಾಪಸ್ ತಗೋತೀನಿ" ಎಂದರಂತೆ. ಮಾಧುರಿ ಫೋನಿನಲ್ಲಿ ಇದನ್ನು ಹೇಳುವಾಗ ಅವಳೂ ಅತ್ತಳು, ನಾನೂ ಅತ್ತೆ.

ನಾಡಿದ್ದು ದಸರಾ ಎನ್ನುವಾಗ ನಾವು ಲಕ್ಷ್ಮೀ ರೋಡಿಗೆ ಹೋದೆವು. ಗದ್ದಲವೋ ಗದ್ದಲ. ಇವರು ಪಂಚೆಯ ಚುಂಗು ಹಿಡಿದು ನಡೆಯತೊಡಗಿದರು. ನಾಲ್ಕು ಅಂಗಡಿ ದಾಟಿದರು, ನಿಲ್ಲಲಿಲ್ಲ. ಮತ್ತೆ ನಾಲ್ಕು. ನಿಲ್ಲಲಿಲ್ಲ. ಒಂದೇ ಒಂದು ಸೀರೆಯ ಕಡೆಗೂ ಕಣ್ಣು ಹಾಯಿಸದೆ, ನನ್ನನ್ನೂ ಮರೆತು, ಜನರ ನಡುವೆ ದಾರಿ ಮಾಡಿಕೊಂಡು ಹೋಗಿಯೇಬಿಟ್ಟರು. ಇವರ ಬೆನ್ನು ನೋಡುತ್ತಾ ನನ್ನ ಕಣ್ಣು ಮಂಜಾಯಿತು. ಹೆಜ್ಜೆ ಹಾಕಲಾಗದೆ ಒಂದು ಅಂಗಡಿಯ ಮುಂದೆ ನಿಂತುಬಿಟ್ಟೆ.

ತುದಿ ಮುಟ್ಟಿದವರು ತಿರುಗಿ ಬಂದರು. ಏದುಸಿರು, ಮುಖದ ತುಂಬ ನಗು.

"ಯಾಕ ನಿಂತಿ? ಕಾಲು ನೋಯ್ತದೇನು?"

"ಇಲ್ರೀ" ಎಂದು ಕಣ್ಣೊರೆಸಿಕೊಂಡೆ. "ಸೀರಿ ನೋಡ್ಲಾಕತ್ತೀನಿ."

ಇವರು ನನ್ನ ಪಕ್ಕಕ್ಕೆ ಬಂದು ನಿಂತರು. ಗಾಜಿನ ಹತ್ತಿರ ಮುಖ ಒಯ್ದು ಗೊಂಬೆಯನ್ನು ಮೇಲಿಂದ ಕೆಳಗಿನ ತನಕ ನೋಡಿದರು.

"ಹಸರು" ಎಂದರು. "ಹಸರಿಗೆ ಕೆಂಪು ಅಂಚು ಅದ, ಇಂದೂ."